ಊರಿನ ಬೋರ್ಡೇ ಸ್ಪೀಡ್ ಲಿಮಿಟ್

ವಾಹನಗಳು ರಸ್ತೆಯ ಬಲಗಡೆ ಓಡುವ ಹೊರದೇಶದಲ್ಲಿ ಕಾರು ಬಾಡಿಗೆಗೆ ಹಿಡಿದವರಿಗೆ ಸ್ಟೀರಿಂಗೇ ಎಚ್ಚರಿಕೆ ಕೊಡುತ್ತದೆ. ಅದು ಎಡಗಡೆ ಇರುತ್ತದೆ, ಗೇರು ಬಲಗೈಗೆ ಬರುತ್ತದೆ, ಕೂತ ಕೂಡಲೇ ಇದು ನಮ್ಮೂರಲ್ಲ ಅಂತ ಮೈಗೆ ಗೊತ್ತಾಗುತ್ತದೆ. ಬೈಕಿನಲ್ಲಿ ಆ ಅನುಕೂಲ ಇಲ್ಲ. ಆಕ್ಸಿಲರೇಟರ್ ಬಲಗೈಯಲ್ಲೇ, ಕ್ಲಚ್ ಎಡಗೈಯಲ್ಲೇ, ಗೇರು ಎಡಗಾಲಿಗೇ, ಹಿಂದಿನ ಬ್ರೇಕು ಬಲಗಾಲಿಗೇ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವಾಗ ಹೇಗೆ ಕೂರುತ್ತೇವೋ ಜರ್ಮನಿಯ ಮ್ಯೂನಿಕ್‌ನಲ್ಲೂ ಹಾಗೇ ಕೂರುತ್ತೇವೆ. ಬದಲಾಗಿರುವುದು ರಸ್ತೆ ಮಾತ್ರ. ಹಾಗಾಗಿ ಬೈಕ್ ಸವಾರ ಅಲ್ಲಿಯ ನಿಯಮವನ್ನು ಹೊರಡುವ ಮುಂಚೆಯೇ ತಲೆಗೆ ಹಾಕಿಕೊಂಡಿರಬೇಕು. ನಾವು ಅದನ್ನು ಕಲಿತ ಬಗೆಯನ್ನು ಬರೆಯುತ್ತಿದ್ದೇನೆ. ನಮ್ಮ ಮಲೆನಾಡಿನಿಂದ ಈಗ ಬೇಕಾದಷ್ಟು ಜನ ಹೊರದೇಶಕ್ಕೆ ಹೋಗಿ ಬೈಕ್ ಓಡಿಸುತ್ತಿದ್ದಾರೆ, ಅವರಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ನಾನು ಆಲ್ದೂರು ಕಡೆಯ ಸಣ್ಣ ಕಾಫಿ ಬೆಳೆಗಾರ. ಜೊತೆಗೆ ಬಂದವರು ನನ್ನ ಷಡ್ಡಕ, ಹಾಸನದವರು. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಭಾವ ಅಂತಲೇ ಕರೆಯುತ್ತೇನೆ. ಅವರ ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಚಾರ್ಮಾಡಿ, ಶಿರಾಡಿ, ಬಾಬಾಬುಡನ್‌ಗಿರಿ ರಸ್ತೆಗಳಲ್ಲೇ ಬೈಕ್ ಕಲಿತ ನಮಗಿಬ್ಬರಿಗೂ ಆಲ್ಪ್ಸ್‌ನ ಘಾಟಿಗಳನ್ನು ಒಮ್ಮೆ ನೋಡಬೇಕು ಅನ್ನುವ ಆಸೆ ಬಹಳ ಕಾಲದಿಂದ ಇತ್ತು. ಸೆಪ್ಟೆಂಬರ್ ಅಂತ ಗೊತ್ತುಮಾಡಿದೆವು. ತೋಟದಲ್ಲಿ ಆಗ ಅಷ್ಟು ಒತ್ತಡ ಇರುವುದಿಲ್ಲ, ಅಲ್ಲಿ ಘಾಟಿಗಳಿನ್ನೂ ಹಿಮಕ್ಕೆ ಮುಚ್ಚಿರುವುದಿಲ್ಲ.

ಮೊದಲ ಕೆಲಸ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್. ಜನ ಇದಕ್ಕೆ ಐಡಿಪಿ ಅನ್ನುತ್ತಾರೆ. ಸಾರಥಿ ಪೋರ್ಟಲ್‌ನಲ್ಲಿ ಫಾರಂ 4ಎ ತುಂಬಿ, ಸಾವಿರ ರೂಪಾಯಿ ಶುಲ್ಕ ಕಟ್ಟಿ, ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ಪ್ರತಿಗಳನ್ನು ಹಿಡಿದುಕೊಂಡು ನಾನು ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಗೆ ಹೋದೆ, ಭಾವ ಹಾಸನದ ಕಚೇರಿಗೆ ಹೋದರು. ಕಷ್ಟವೇನೂ ಆಗಲಿಲ್ಲ. ಕೈಗೆ ಬರುವುದು ಒಂದು ಸಣ್ಣ ಪುಸ್ತಕ. ಅದರಲ್ಲಿ ವಾಹನದ ವರ್ಗಗಳು ಎ, ಬಿ, ಸಿ ಅಂತ ಸಾಲಾಗಿ ಇರುತ್ತವೆ. ಎ ಅಂದರೆ ಮೋಟಾರ್ ಸೈಕಲ್, ಬಿ ಅಂದರೆ ಕಾರು. ಎ ಮುಂದೆ ಮುದ್ರೆ ಬಿದ್ದಿದೆಯಾ ಅಂತ ಕೌಂಟರ್ ಬಿಟ್ಟು ಬರುವ ಮುಂಚೆಯೇ ನೋಡಿಕೊಳ್ಳಿ. ನಮ್ಮ ಕಡೆ ಬಹುಪಾಲು ಜನರ ಲೈಸೆನ್ಸ್‌ನಲ್ಲಿ ಕಾರು, ಬೈಕು ಎರಡೂ ಇರುತ್ತವೆ. ಬಿ ಒಂದಕ್ಕೇ ಮುದ್ರೆ ಇದ್ದರೆ ಬೈಕ್ ಬಾಡಿಗೆ ಕೊಡುವವರು ಕೀಲಿ ಕೊಡುವುದಿಲ್ಲ. ಪುಸ್ತಕಕ್ಕೆ ಒಂದು ವರ್ಷದ ಆಯಸ್ಸು. ಅದೊಂದೇ ಇದ್ದರೆ ಸಾಲದು, ನಮ್ಮ ಮೂಲ ಲೈಸೆನ್ಸ್ ಕಾರ್ಡೂ ಜೇಬಿನಲ್ಲಿರಬೇಕು. ಐಡಿಪಿ ಅನ್ನುವುದು ನಮ್ಮ ಲೈಸೆನ್ಸನ್ನು ಅಲ್ಲಿಯವರು ಓದಿ ಅರ್ಥ ಮಾಡಿಕೊಳ್ಳಲಿ ಅಂತ ಕೊಡುವ ಕಾಗದ, ಅಷ್ಟೇ.

ಆರ್‌ಟಿಒ ಕೆಲಸ ಮುಗಿದ ಮೇಲೆ ಭಾವನ ಮಗಳು ಒಂದು ಷರತ್ತು ಹಾಕಿದಳು. ಅವಳು ಅಲ್ಲಿಯ ಲೈಸೆನ್ಸ್ ಪಡೆದವಳು. ನಮ್ಮ ದೇಶದ ಲೈಸೆನ್ಸ್ ಇಟ್ಟುಕೊಂಡು ಜರ್ಮನಿಯಲ್ಲಿ ಆರು ತಿಂಗಳು ಓಡಿಸಬಹುದು. ಅಲ್ಲೇ ನೆಲೆಸಿದವರು ಅಷ್ಟರಲ್ಲಿ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಮೊದಲಿಂದ ಪಾಸು ಮಾಡಬೇಕು. ಲಿಖಿತದಲ್ಲಿ ಮೂವತ್ತು ಪ್ರಶ್ನೆ, ಪ್ರತಿ ತಪ್ಪಿಗೆ ಅದರ ತೂಕಕ್ಕೆ ತಕ್ಕ ಅಂಕ, ತಪ್ಪಿನ ಅಂಕ ಹತ್ತು ದಾಟಿದರೆ ನಪಾಸು.

"ಚಿಕ್ಕಪ್ಪ, ಆ ಪ್ರಶ್ನೆಗಳನ್ನು ನೀವಿಬ್ಬರೂ ಮಾಡಿ ನೋಡಿ. ಪಾಸಾಗುವಷ್ಟು ಬಂತು ಅಂದರೆ ಮಾತ್ರ ಬೈಕ್ ಬುಕ್ ಮಾಡ್ತೀನಿ," ಅಂದಳು.

ಪ್ರಶ್ನೆಗಳು ಇಂಗ್ಲಿಷಿನಲ್ಲೂ ಸಿಗುತ್ತವೆ. ಸಂಜೆ ತೋಟದಿಂದ ಬಂದು ಫೋನ್ ಹಿಡಿದು ಕೂರುವುದು ರೂಢಿಯಾಯಿತು. ಭಾವ ಹಾಸನದಲ್ಲಿ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡಿ, "ಏನಪ್ಪಾ, ಆ ಹಳದಿ ಡೈಮಂಡ್ ಏನು ಹೇಳುತ್ತೆ?" ಅಂತ ಕೇಳೋರು. ಹಳದಿ ಡೈಮಂಡ್ ಅಂದರೆ ನೀವಿರುವ ರಸ್ತೆಗೇ ಆದ್ಯತೆ, ಅಡ್ಡರಸ್ತೆಯವರು ನಿಲ್ಲಬೇಕು. ಅದರ ಮೇಲೆ ಅಡ್ಡಗೆರೆ ಬಿದ್ದರೆ ಆದ್ಯತೆ ಮುಗಿಯಿತು. ಉಳಿದ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ನಮಗೆ ಪರಿಚಿತವೇ. ಕೆಂಪು ತ್ರಿಕೋನ ಎಚ್ಚರಿಕೆಗೆ, ಕೆಂಪು ವೃತ್ತ ನಿಷೇಧಕ್ಕೆ, ತಲೆಕೆಳಗಾದ ತ್ರಿಕೋನ ದಾರಿ ಬಿಡುವುದಕ್ಕೆ. ಕಲಿಯಲು ಸಮಯ ಹಿಡಿದದ್ದು ಬೋರ್ಡೇ ಇಲ್ಲದ ಕಡೆ ಇರುವ ನಿಯಮಗಳು.

ವೇಗದ ಮಿತಿಯೂ ಅಂಥದ್ದೇ. ನಾನು ಹೋಗುವ ಮುಂಚೆ, ಅಷ್ಟು ಶಿಸ್ತಿನ ದೇಶದಲ್ಲಿ ಹೆಜ್ಜೆಗೊಂದು ಸಂಖ್ಯೆ ಬರೆದು ನೆಟ್ಟಿರುತ್ತಾರೆ ಅಂದುಕೊಂಡಿದ್ದೆ. ಹಾಗಿಲ್ಲ. ಜರ್ಮನಿಯಲ್ಲಿ ಊರು ಶುರುವಾಗುವಲ್ಲಿ ಹಳದಿ ಬಣ್ಣದ ಬೋರ್ಡಿನ ಮೇಲೆ ಊರಿನ ಹೆಸರು ಇರುತ್ತದೆ. ಆ ಬೋರ್ಡೇ 50ರ ಮಿತಿ. ಸಂಖ್ಯೆ ಬೇರೆ ಬರೆದಿರುವುದಿಲ್ಲ. ಬೋರ್ಡ್ ದಾಟುವ ಹೊತ್ತಿಗೆ ವೇಗ 50ಕ್ಕೆ ಇಳಿದಿರಬೇಕು, ದಾಟಿದ ಮೇಲೆ ನಿಧಾನಕ್ಕೆ ಇಳಿಸಿದರೆ ತಡವಾಯಿತು. ಅದೇ ಬೋರ್ಡಿನ ಹಿಂಬದಿ ನೋಡಿದರೆ ಎರಡು ಭಾಗ. ಮೇಲೆ ಮುಂದಿನ ಊರಿನ ಹೆಸರು, ಎಷ್ಟು ಕಿಲೋಮೀಟರ್ ಅಂತ. ಕೆಳಗೆ ನೀವು ಬಿಟ್ಟ ಊರಿನ ಹೆಸರು, ಅದರ ಮೇಲೆ ಓರೆಯಾಗಿ ಕೆಂಪು ಗೆರೆ. ಆ ಕೆಂಪು ಗೆರೆ ಕಂಡರೆ ಊರು ಮುಗಿಯಿತು, ಮಿತಿ 100ಕ್ಕೆ ಏರಿತು. ಆಸ್ಟ್ರಿಯಾದಲ್ಲಿ ಬೋರ್ಡ್ ಬಿಳಿ, ನೀಲಿ ಅಂಚು. ಲೆಕ್ಕ ಅದೇ 50, 100. ಇಟಲಿಯಲ್ಲಿ ಊರ ಹೊರಗೆ 90. ಸ್ವಿಟ್ಜರ್‌ಲೆಂಡ್‌ನಲ್ಲಿ ಊರೊಳಗಿನ 50ಕ್ಕೆ ಸಂಖ್ಯೆ ಬರೆದ ಬೋರ್ಡೇ ಇರುತ್ತದೆ, ಹೊರಗೆ 80. ಮೋಟಾರು ಹೆದ್ದಾರಿಗಳಲ್ಲಿ ಆಸ್ಟ್ರಿಯಾ, ಇಟಲಿ ಎರಡರಲ್ಲೂ 130, ಸ್ವಿಟ್ಜರ್‌ಲೆಂಡ್‌ನಲ್ಲಿ 120. ಜರ್ಮನಿಯ ಆಟೋಬಾನ್‌ನಲ್ಲಿ ಬೋರ್ಡ್ ಇಲ್ಲದ ಕಡೆ ಕಡ್ಡಾಯ ಮಿತಿ ಇಲ್ಲ, 130 ಅನ್ನುವುದು ಸಲಹೆ. ನಮ್ಮಲ್ಲಿ ಹೊರಡುವವರೆಲ್ಲ ಈ ಒಂದು ವಿಷಯವನ್ನೇ ಹಿಡಿದುಕೊಂಡು ಮಾತಾಡುತ್ತಾರೆ. ಬೈಕಿನಲ್ಲಿ ಹೋಗುವವನಿಗೆ ಆಟೋಬಾನ್ ಅಷ್ಟು ಮುಖ್ಯವಲ್ಲ, ಅಲ್ಲಿ ನೋಡುವಂಥದ್ದೂ ಏನಿಲ್ಲ. ದಿನದ ಬಹುಪಾಲು ಕಳೆಯುವುದು ಹಳ್ಳಿ ರಸ್ತೆಗಳಲ್ಲಿ.

ಮಿತಿ ಎಲ್ಲಿ ಮುಗಿಯುತ್ತದೆ ಅನ್ನುವುದೂ ಶುರುವಾಗುವಷ್ಟೇ ಮುಖ್ಯ. 70ರ ಬೋರ್ಡ್ ಒಂಟಿಯಾಗಿ ನಿಂತಿದ್ದರೆ ಮಿತಿ ಮುಗಿಯಿತು ಅನ್ನುವ ಬೋರ್ಡ್ ಬರುವವರೆಗೂ 70. ಅದೇ 70 ತಿರುವಿನ ಎಚ್ಚರಿಕೆಯ ಜೊತೆ ಒಂದೇ ಕಂಬದಲ್ಲಿದ್ದರೆ, ಆ ತಿರುವು ಕಣ್ಣೆದುರು ಮುಗಿದಲ್ಲಿಗೆ ಮಿತಿಯೂ ಮುಗಿಯುತ್ತದೆ. 30ರ ವಲಯ ಅಂತ ಬರೆದಿದ್ದರೆ ಆ ಬಡಾವಣೆಯ ಗಲ್ಲಿಗಳಲ್ಲೆಲ್ಲ 30; ಎಷ್ಟು ಸಲ ತಿರುಗಿದರೂ ವಲಯದ ಕೊನೆಯ ಬೋರ್ಡ್ ಸಿಗುವ ತನಕ ಬಿಡುಗಡೆ ಇಲ್ಲ.

ಇದನ್ನು ಬಾಯಿಪಾಠ ಮಾಡಿದರೆ ಕೈಗೆ ಬರುವುದಿಲ್ಲ. ಅದಕ್ಕೆ ನಾನು ನಮ್ಮ ರಸ್ತೆಯಲ್ಲೇ ಅಭ್ಯಾಸ ಶುರುಮಾಡಿದೆ. ಚಿಕ್ಕಮಗಳೂರಿನಿಂದ ಆಲ್ದೂರು, ಹ್ಯಾಂಡ್‌ಪೋಸ್ಟ್, ಮೂಡಿಗೆರೆ, ಕೊಟ್ಟಿಗೆಹಾರದ ತನಕ ಪ್ರತಿ ಊರಿನ ಹೆಸರಿನ ಬೋರ್ಡನ್ನೂ ಮಿತಿಯ ಬೋರ್ಡ್ ಅಂತಲೇ ಲೆಕ್ಕ ಹಿಡಿದೆ. ಬೋರ್ಡ್ ದಾಟುವ ಮುಂಚೆ 50, ಶಾಲೆ ಇರುವ ಕಡೆ 30, ಕೊನೆ ಮನೆ ದಾಟಿದ ಮೇಲೆ ಮತ್ತೆ ಏರಿಸುವುದು. ನಮ್ಮಲ್ಲಿ ಬೈಕಿಗೆ ಕಾನೂನಿನ ಮಿತಿ ಏನು ಅಂತ ಆಗಲೇ ಸರಿಯಾಗಿ ನೋಡಿದ್ದು. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ಎಕ್ಸ್‌ಪ್ರೆಸ್‌ವೇಯಲ್ಲೂ ನಡುವೆ ವಿಭಜಕ ಇರುವ ಚತುಷ್ಪಥ ಹೆದ್ದಾರಿಯಲ್ಲೂ ಗರಿಷ್ಠ 80, ಪಟ್ಟಣದೊಳಗೂ ಉಳಿದ ರಸ್ತೆಗಳಲ್ಲೂ 60. ರಾಜ್ಯಗಳು ಇದನ್ನು ಇನ್ನೂ ಇಳಿಸಬಹುದು. ಅಂದರೆ ಮೂಡಿಗೆರೆ ರಸ್ತೆಯಲ್ಲಿ ನಾವು 80ರಲ್ಲಿ ಹೋಗುವುದು ನಮ್ಮ ಕಾನೂನಿಗೇ ಹೊರಗು.

ಓದಿದ್ದರಲ್ಲೆಲ್ಲ ನನ್ನ ಮನಸ್ಸಿಗೆ ನಾಟಿದ್ದು ಜರ್ಮನಿಯ ರಸ್ತೆ ಸಂಚಾರ ನಿಯಮದ ಮೂರನೇ ಕಲಮು. ನೂರು ಅಂತ ಇದ್ದರೆ ನೂರರಲ್ಲಿ ಹೋಗು ಅಂತ ಅರ್ಥ ಅಲ್ಲ ಅನ್ನುತ್ತದೆ ಅದು. ಮುಂದೆ ಎಷ್ಟು ದೂರ ರಸ್ತೆ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗುವ ವೇಗವೇ ನಿಜವಾದ ಮಿತಿ. ರಸ್ತೆ ಕಿರಿದಾಗಿದ್ದು ಎದುರು ವಾಹನಕ್ಕೆ ಅಪಾಯ ಇದ್ದರೆ, ಕಾಣುವ ದೂರದ ಅರ್ಧದಲ್ಲೇ ನಿಲ್ಲಬೇಕು, ಉಳಿದ ಅರ್ಧ ಎದುರು ಬರುವವನಿಗೆ. ಮಂಜು, ಮಳೆ, ಹಿಮದಿಂದ ನೋಟ ಐವತ್ತು ಮೀಟರಿಗಿಂತ ಕಡಿಮೆಯಾದರೆ ಎಂಥ ರಸ್ತೆಯಾದರೂ, ಆಟೋಬಾನ್ ಆದರೂ, 50ಕ್ಕಿಂತ ಹೆಚ್ಚಿಲ್ಲ. ಐವತ್ತು ಮೀಟರನ್ನು ಅಳೆಯುವುದು ಹೇಗೆ? ರಸ್ತೆ ಪಕ್ಕ ಸೊಂಟದೆತ್ತರದ ಬಿಳಿ ಗೂಟಗಳಿರುತ್ತವೆ, ನೆತ್ತಿಯ ಹತ್ತಿರ ಕಪ್ಪು ಪಟ್ಟಿ, ಅದರೊಳಗೆ ಹೊಳೆಯುವ ರಿಫ್ಲೆಕ್ಟರ್. ನೇರ ರಸ್ತೆಯಲ್ಲಿ ಗೂಟದಿಂದ ಗೂಟಕ್ಕೆ ಐವತ್ತು ಮೀಟರ್. ಮುಂದಿನ ಗೂಟ ಕಾಣದಿದ್ದರೆ 50ಕ್ಕೆ ಇಳಿ.

ಇದನ್ನು ಓದಿದ್ದು ಆಷಾಢದಲ್ಲಿ. ಚಾರ್ಮಾಡಿಯಲ್ಲಿ ಆಗ ಮಧ್ಯಾಹ್ನವೂ ಎದುರಿನ ಲಾರಿಯ ದೀಪ ಹತ್ತಿರ ಬಂದ ಮೇಲೇ ಕಾಣುವುದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯಲು ಶುರುಮಾಡಿದ ಮೇಲೆ, ಕಾಣುವ ದೂರದ ಅರ್ಧದಲ್ಲಿ ನಿಲ್ಲಬಲ್ಲೆನಾ ಅಂತ ಪ್ರತಿ ತಿರುವಿನಲ್ಲೂ ಲೆಕ್ಕ ಹಾಕಿದೆ. ಕೆಲವು ಕಡೆ ಆ ಲೆಕ್ಕಕ್ಕೆ ಇಪ್ಪತ್ತೂ ಹೆಚ್ಚಾಗುತ್ತಿತ್ತು. ಘಾಟಿ ಬಲ್ಲ ನಮ್ಮ ಹಳೆಯ ಬಸ್ ಡ್ರೈವರುಗಳು ಮಂಜಿನಲ್ಲಿ ಇದೇ ಲೆಕ್ಕದಲ್ಲಿ ಇಳಿಸುತ್ತಾರೆ. ಬರೆದಿಟ್ಟ ಕಾನೂನಾಗಿ ಅದನ್ನು ಓದಿದಾಗ ಆ ಕಲಮಿನ ಮೇಲೆ ಗೌರವ ಬಂತು.

ಮ್ಯೂನಿಕ್‌ನಲ್ಲಿ ಬೈಕ್ ಬಾಡಿಗೆಗೆ ಕೊಡುವ ಕಡೆ ಲೈಸೆನ್ಸ್, ಐಡಿಪಿ, ಪಾಸ್‌ಪೋರ್ಟ್ ಮೂರನ್ನೂ ನೋಡಿದರು, ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿ ಹಿಡಿದಿಟ್ಟುಕೊಂಡರು. ಯಾವ ಯಾವ ದೇಶಕ್ಕೆ ಹೋಗುತ್ತೀರಿ ಅಂತ ಕೇಳಿ ಬರೆದುಕೊಂಡರು, ವಿಮೆ ಅಷ್ಟಕ್ಕೇ. ಇಲ್ಲಿಂದ ಹೋಗುವಾಗ ತೆಗೆದುಕೊಳ್ಳುವ ಪ್ರವಾಸ ವಿಮೆಯಲ್ಲಿ ಬೈಕ್ ಸವಾರಿಯನ್ನು ಹೊರಗಿಟ್ಟಿರುವುದು ಸಾಮಾನ್ಯ. ಆ ಸಣ್ಣ ಅಕ್ಷರಗಳನ್ನು ಓದಿ, ಬೈಕಿಗೂ ಅನ್ವಯಿಸುವ ಪಾಲಿಸಿಯನ್ನೇ ಕೇಳಿ ತೆಗೆದುಕೊಳ್ಳಿ. ಆಸ್ಟ್ರಿಯಾದಲ್ಲಿ ಬೈಕಿನಲ್ಲೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು, ಅದು ಸೀಟಿನ ಕೆಳಗೆ ಇದೆಯಾ ಅಂತ ನೋಡಿಕೊಂಡೆವು. ಆಸ್ಟ್ರಿಯಾದ ಮೋಟಾರು ಹೆದ್ದಾರಿಗೆ ಬೈಕಿಗೂ ವಿನ್ಯೆಟ್ ಅನ್ನುವ ಟೋಲ್ ಚೀಟಿ ಬೇಕು. ಈಗ ನಂಬರ್ ಪ್ಲೇಟಿನ ಮೇಲೆ ಆನ್‌ಲೈನಿನಲ್ಲೇ ಕೊಳ್ಳಬಹುದು.

ಭಾವನ ಮಗಳು ಒಂದು ಕೆಲಸ ಮಾಡಿದಳು. ಎರಡೂ ಬೈಕಿನ ಟ್ಯಾಂಕಿನ ಮೇಲೆ, ಕೀಲಿ ಹಾಕುವ ಜಾಗಕ್ಕೆ ತಾಗಿದ ಹಾಗೆ, ಬಲಕ್ಕೆ ತೋರಿಸುವ ಬಾಣ ಬರೆದ ಟೇಪ್ ಅಂಟಿಸಿದಳು. ಕೀಲಿ ತಿರುಗಿಸಿದಾಗಲೆಲ್ಲ ಅದು ಕಣ್ಣಿಗೆ ಬೀಳಲೇಬೇಕು. "ಓಡ್ತಾ ಇರುವಾಗ ಯಾರೂ ಮರೆಯಲ್ಲ ಚಿಕ್ಕಪ್ಪ, ಎದುರಿಗೆ ವಾಹನ ಇರುತ್ತೆ, ಅದೇ ನೆನಪಿಸುತ್ತೆ. ಮರೆಯೋದು ನಿಂತು ಹೊರಡುವಾಗ," ಅಂದಳು. ಅವಳ ಮಾತು ಅಕ್ಷರಶಃ ನಿಜ. ಪೆಟ್ರೋಲ್ ಬಂಕಿನಿಂದ, ಹೋಟೆಲಿನ ಅಂಗಳದಿಂದ, ಫೋಟೋ ತೆಗೆಯಲು ನಿಲ್ಲಿಸಿದ ಜಾಗದಿಂದ ಖಾಲಿ ರಸ್ತೆಗೆ ಬರುವ ಹೊತ್ತೇ ಅಪಾಯದ್ದು. ಬೆಳಗಿನ ಜಾವ ಒಂದು ಬಂಕಿನಿಂದ ಹೊರಟ ಭಾವ ಎಡಕ್ಕೆ ವಾಲಲು ಶುರುಮಾಡಿದರು. ಹಿಂದಿದ್ದ ನಾನು ಹಾರ್ನ್ ಹೊಡೆದೆ, ಅವರು ಅಲ್ಲೇ ಸರಿಮಾಡಿಕೊಂಡರು. ಅಲ್ಲಿಂದ ಮುಂದೆ ಹೊರಡುವ ಮುನ್ನ ಒಬ್ಬರಿಗೊಬ್ಬರು ಜೋರಾಗಿ "ಬಲ" ಅಂತ ಹೇಳಿಯೇ ಕ್ಲಚ್ ಬಿಡುವ ಪದ್ಧತಿ ಮಾಡಿಕೊಂಡೆವು, ಕೊನೆ ದಿನದವರೆಗೂ ಬಿಡಲಿಲ್ಲ.

ಬೋರ್ಡಿಲ್ಲದ ಅಡ್ಡರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು ಅನ್ನುವುದು ಇನ್ನೊಂದು ಮುಖ್ಯ ನಿಯಮ. ಕೇಳಲು ಸುಲಭ. ಆದರೆ ನೀವು ನೇರ ಹೋಗುತ್ತಿರುವ ರಸ್ತೆ ಅಗಲವಾಗಿದ್ದು, ಬಲಗಡೆಯಿಂದ ಸಣ್ಣ ಗಲ್ಲಿ ಬಂದು ಸೇರಿದರೂ ಗಲ್ಲಿಯವನದೇ ಆದ್ಯತೆ. ಮನೆಯ ಗೇಟಿನಿಂದ, ಪಾರ್ಕಿಂಗಿನಿಂದ, ಹೊಲದ ಮಣ್ಣು ದಾರಿಯಿಂದ ಬರುವವರಿಗೆ ಮಾತ್ರ ಇದು ಇಲ್ಲ. ಮ್ಯೂನಿಕ್‌ನ 30ರ ವಲಯದ ಬಡಾವಣೆಯಲ್ಲಿ ಮೊದಲ ಸಂಜೆ ಇದನ್ನೇ ಅಭ್ಯಾಸ ಮಾಡಿದೆವು. ಪ್ರತಿ ಬಲಗಲ್ಲಿಯ ಬಾಯಿಗೆ ಬಂದಾಗಲೂ ಆಕ್ಸಿಲರೇಟರ್ ಬಿಟ್ಟು, ಬ್ರೇಕಿನ ಮೇಲೆ ಬೆರಳಿಟ್ಟು, ಬಗ್ಗಿ ನೋಡುವುದು. ಸೈಕಲ್ಲಿನಲ್ಲಿ ಬಂದ ಶಾಲೆ ಹುಡುಗಿಯೊಬ್ಬಳು ನಮ್ಮ ಕಡೆ ತಿರುಗಿಯೂ ನೋಡದೆ ಮುಂದೆ ದಾಟಿ ಹೋದಳು. ಎದುರಿನವರು ನಿಯಮ ಬಲ್ಲವರು ಅಂತ ಆ ಮಗು ಪೂರ್ತಿ ನಂಬಿದೆ. ಆ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಡೆಯುತ್ತಿರುವಾಗ, ತಿಳಿಯದ ಹೊರಗಿನವನು ಬೈಕ್ ತಂದರೆ ಏನಾಗಬಹುದು ಅಂತ ಯೋಚಿಸಿ ಮೈ ಜುಮ್ಮೆಂದಿತು. ವಿಚಿತ್ರ ಅಂದರೆ ಬಲಗಡೆಯವರಿಗೆ ದಾರಿ ಬಿಡಿ ಅನ್ನುವುದು ನಮ್ಮ ದೇಶದ ರಸ್ತೆ ನಿಯಮದಲ್ಲೂ ಇದೆ. ಹಾಸನದ ಎನ್.ಆರ್. ಸರ್ಕಲ್ ಸುತ್ತಮುತ್ತ ಯಾರನ್ನಾದರೂ ಕೇಳಿ ನೋಡಿ, ಗೊತ್ತಿರುವವರು ಎಷ್ಟು ಜನ ಅಂತ.

ಸಾಲಾಗಿ ನಿಂತ ಕಾರುಗಳ ಸಂದಿಯಲ್ಲಿ ಬೈಕ್ ತೂರಿಸಿ ಮುಂದೆ ಹೋಗುವುದು ಜರ್ಮನಿಯಲ್ಲಿ ನಿಷಿದ್ಧ. ಆಸ್ಟ್ರಿಯಾದಲ್ಲಿ ಸಿಗ್ನಲ್ ಹತ್ತಿರ ನಿಂತ ವಾಹನಗಳ ಪಕ್ಕ ಜಾಗವಿದ್ದರೆ ಮುಂದೆ ಬರಬಹುದು. ಗಡಿ ದಾಟಿದ್ದು ಗೊತ್ತಾಗುವುದೇ ಇಲ್ಲ, ನಿಯಮ ಮಾತ್ರ ಬದಲಾಗಿರುತ್ತದೆ. ಕುಡಿದು ಓಡಿಸುವ ವಿಷಯದಲ್ಲಿ ನಮ್ಮ ಕಾನೂನೇ ಬಿಗಿ: ನಮ್ಮಲ್ಲಿ ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಅಲ್ಲಿ 50. ನಾವಿಬ್ಬರೂ ಸೊನ್ನೆಯಲ್ಲೇ ಇದ್ದೆವು.

ಆಸ್ಟ್ರಿಯಾದ ಗ್ರೋಸ್‌ಗ್ಲೋಕ್ನರ್ ರಸ್ತೆ 1935ರಲ್ಲಿ ತೆರೆದದ್ದು. ನಲವತ್ತೆಂಟು ಕಿಲೋಮೀಟರ್, ಮೂವತ್ತಾರು ಹೇರ್‌ಪಿನ್ ತಿರುವು, ದಾರಿ ಏರುವುದು 2,504 ಮೀಟರ್ ತನಕ. ನಮ್ಮ ಮುಳ್ಳಯ್ಯನಗಿರಿ ಸಾವಿರದ ಒಂಬೈನೂರು ಚಿಲ್ಲರೆ ಮೀಟರ್. ಅಲ್ಲಿ ಘಾಟಿ ಸವಾರನಿಗೆ ಬರುವ ನಿಜವಾದ ಪಾಠ ಎಡ ಬಲದ್ದು. ನಮ್ಮಲ್ಲಿ ಎಡ ತಿರುವು ಬಿಗಿ, ಗುಡ್ಡಕ್ಕೋ ಅಂಚಿಗೋ ಒತ್ತಿಕೊಂಡು ತಿರುಗುತ್ತೇವೆ. ಬಲ ತಿರುವು ಅಗಲ. ಅಲ್ಲಿ ಬಲ ತಿರುವು ಬಿಗಿ, ಎಡದ್ದು ಅಗಲ. ಎಡಕ್ಕೆ ಬಾಗುವ ರಸ್ತೆಯಲ್ಲಿ ಎಡಗಡೆಗೆ ಒತ್ತಿಕೊಳ್ಳುವುದು ನಮ್ಮ ಮೈಗೆ ಅಭ್ಯಾಸವಾದ ಸುರಕ್ಷಿತ ಜಾಗ. ಅಲ್ಲಿ ಅದು ಎದುರು ವಾಹನದ ಜಾಗ. ಇನ್ನೂ ಸೂಕ್ಷ್ಮ ಏನೆಂದರೆ, ಚಕ್ರ ನಡುಗೆರೆಯ ಒಳಗೇ ಇದ್ದರೂ ಬೈಕ್ ಎಡಕ್ಕೆ ವಾಲಿದಾಗ ತಲೆ, ಭುಜ, ಹ್ಯಾಂಡಲಿನ ತುದಿ ಗೆರೆ ದಾಟಿ ಆಚೆ ಹೋಗಿರುತ್ತವೆ. ಆಸ್ಟ್ರಿಯಾದ ಕೆಲವು ಎಡ ತಿರುವುಗಳಲ್ಲಿ ನಡುಗೆರೆಯ ಪಕ್ಕ ದೊಡ್ಡ ಬಿಳಿ ವೃತ್ತಗಳನ್ನು ಬಳಿದಿದ್ದಾರೆ. ಬೈಕಿನವರು ಬಣ್ಣ ಜಾರುತ್ತದೆ ಅಂತ ಅದರ ಮೇಲೆ ಹೋಗುವುದಿಲ್ಲ, ತಾವಾಗಿ ಬಲಕ್ಕೆ ಸರಿಯುತ್ತಾರೆ, ತಲೆ ತಮ್ಮ ಪಾಲಿನ ರಸ್ತೆಯಲ್ಲೇ ಉಳಿಯುತ್ತದೆ. ಯಾರಿಗೂ ಗದರದೆ, ದಂಡ ಹಾಕದೆ, ಬರೀ ಬಣ್ಣದಲ್ಲಿ ಮಾಡಿದ ಕೆಲಸ. ಆ ತಿರುವಿನಲ್ಲಿ ಬೈಕ್ ಪಕ್ಕಕ್ಕೆ ಹಾಕಿ ಹಿಂದೆ ಬರುವವರನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತೆವು. ಒಬ್ಬರಾದ ಮೇಲೆ ಒಬ್ಬರು ವೃತ್ತವನ್ನು ಬಿಟ್ಟು ಬಲದಿಂದಲೇ ಹೋದರು. ಚಾರ್ಮಾಡಿಯಲ್ಲೂ ಶಿರಾಡಿಯಲ್ಲೂ ಬಲ ತಿರುವುಗಳಲ್ಲಿ ಇಂಥದ್ದೊಂದನ್ನು ಬಳಿದು ನೋಡಬೇಕು ಅಂತ ನನಗೆ ಬಲವಾಗಿ ಅನ್ನಿಸಿದೆ.

ಎದುರು ಬರುವ ಬೈಕಿನವರು ಎಡಗೈಯನ್ನು ಸ್ವಲ್ಪ ಕೆಳಗೆ ಚಾಚಿ ನಮಸ್ಕಾರ ಮಾಡುತ್ತಾರೆ. ನಾವೂ ಮಾಡಿದೆವು, ತಿರುವಿನಲ್ಲಿ ಬಿಟ್ಟು.

ಇಟಲಿಯ ಸ್ಟೆಲ್ವಿಯೊ ಘಾಟಿ ಇನ್ನೂ ಎತ್ತರ, 2,757 ಮೀಟರ್. ಪ್ರಾಟೊ ಕಡೆಯಿಂದ ಏರಿದರೆ ನಲವತ್ತೆಂಟು ಹೇರ್‌ಪಿನ್, ಪ್ರತಿಯೊಂದಕ್ಕೂ ಸಂಖ್ಯೆ. ಕೆಳಗೆ 48ರಿಂದ ಶುರುವಾಗಿ ಮೇಲಕ್ಕೆ ಹೋದಂತೆ ಇಳಿಯುತ್ತದೆ. 1820ರಿಂದ 1825ರ ನಡುವೆ ಕಟ್ಟಿದ ರಸ್ತೆ, ಅಗಲ ಕಡಿಮೆ. ಊರ ಹೊರಗಿನ ಮಿತಿ 90 ಅಂತ ಪುಸ್ತಕದಲ್ಲಿ ಇರಬಹುದು, ಆ ತಿರುವುಗಳಲ್ಲಿ ಮೊದಲ ಗೇರಿಗೇ ಇಳಿಯಬೇಕು. ಕಾಣುವ ದೂರದ ಅರ್ಧ ಅನ್ನುವ ಲೆಕ್ಕವನ್ನು ನಾವು ಇಟಲಿಗೂ ತಂದೆವು. ಬಲ ತಿರುವಿಗೆ ಬರುವಾಗ ಹೊರಗಡೆಯೇ ಉಳಿದು, ಕತ್ತು ತಿರುಗಿಸಿ ಮೇಲಿನ ರಸ್ತೆ ಖಾಲಿಯಿದೆಯಾ ನೋಡಿ, ಬಸ್ಸು ಇಳಿಯುತ್ತಿದ್ದರೆ ಕೆಳಗೇ ಕಾದು, ಆಮೇಲೆ ತಿರುಗುವುದು. ಭಾವ ಮೇಲೆ ತಲುಪಿ ಹೆಲ್ಮೆಟ್ ತೆಗೆದು, "ನಮ್ಮ ಚಾರ್ಮಾಡಿ ಕಲಿಸಿದ್ದು ಸಾಕಾಯ್ತು ಕಣಪ್ಪಾ, ಎಡ ಬಲ ಒಂದು ಅದಲು ಬದಲು ಮಾಡಿಕೊಂಡರೆ ಆಯ್ತು," ಅಂದರು.

ಅಲ್ಲಿಂದ ಉಂಬ್ರೈಲ್ ಘಾಟಿ ಇಳಿದರೆ ಸ್ವಿಟ್ಜರ್‌ಲೆಂಡ್. ಅಲ್ಲಿಯ ಬೆಟ್ಟದ ರಸ್ತೆಗಳಲ್ಲಿ ನೀಲಿ ಬೋರ್ಡಿನ ಮೇಲೆ ಹಳದಿ ಕಹಳೆಯ ಚಿತ್ರ ಇದ್ದರೆ ಅದು ಅಂಚೆ ಬಸ್ಸಿನ ದಾರಿ. ಅಂಥ ರಸ್ತೆಯಲ್ಲಿ ಹಳದಿ ಬಸ್ಸಿಗೇ ಆದ್ಯತೆ, ಇಕ್ಕಟ್ಟಾದ ಕಡೆ ಹಿಂದೆ ಸರಿ, ಪಕ್ಕಕ್ಕೆ ನಿಲ್ಲು ಅಂತ ಬಸ್ ಡ್ರೈವರ್ ಹೇಳಿದರೆ ಕೇಳಲೇಬೇಕು, ಕಾನೂನೇ ಅವನಿಗೆ ಆ ಅಧಿಕಾರ ಕೊಟ್ಟಿದೆ. ತಿರುವಿನ ಆಚೆಯಿಂದ ಅವನ ಹಾರ್ನ್ ಮೂರು ಸ್ವರದಲ್ಲಿ ಕೇಳುತ್ತದೆ. ರೊಸ್ಸೀನಿಯ ವಿಲಿಯಂ ಟೆಲ್ ಸಂಗೀತದಿಂದ ತೆಗೆದ ಸ್ವರಗಳು ಅವು. ಉಳಿದ ವಾಹನಗಳ ನಡುವೆ ಏರುವವನಿಗೆ ಇಳಿಯುವವನು ದಾರಿ ಬಿಡಬೇಕು. ನಮ್ಮ ಘಾಟಿಗಳ ನಿಯಮವೂ ಇದೇ.

ದಂಡದ ವಿಷಯ. ಸ್ವಿಟ್ಜರ್‌ಲೆಂಡ್‌ನಲ್ಲಿ ಊರೊಳಗೆ ವೇಗದ ಮಿತಿಯನ್ನು ಗಂಟೆಗೆ ಐದು ಕಿಲೋಮೀಟರ್ ತನಕ ಮೀರಿದರೆ 40 ಫ್ರಾಂಕ್, ಹತ್ತರ ತನಕ 120, ಹದಿನೈದರ ತನಕ 250. ಜರ್ಮನಿಯಲ್ಲಿ ಊರೊಳಗೆ ಹತ್ತರ ತನಕ 30 ಯೂರೊ, ಹದಿನೈದರ ತನಕ 50, ಇಪ್ಪತ್ತರ ತನಕ 70. ಜರ್ಮನಿಯಲ್ಲಿ ಅಳತೆಯ ಯಂತ್ರಕ್ಕೆ ರಿಯಾಯಿತಿಯಾಗಿ ನೂರರೊಳಗಿನ ವೇಗಕ್ಕೆ ಮೂರು ಕಿಲೋಮೀಟರ್ ಕಳೆದೇ ಲೆಕ್ಕ ಹಾಕುತ್ತಾರೆ. ಬೈಕಿನ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಅದು ಯುರೋಪಿನ ವಾಹನ ನಿಯಮ. ಹಾಗಾಗಿ ಮೀಟರಿನಲ್ಲಿ 50 ಇಟ್ಟುಕೊಂಡವನಿಗೆ ಕ್ಯಾಮೆರಾದ ಭಯ ಬೇಕಿಲ್ಲ. ಬಾಡಿಗೆ ಬೈಕಿನ ದಂಡದ ಕಾಗದ ಬಾಡಿಗೆ ಕೊಟ್ಟವರಿಗೆ ಹೋಗಿ, ಅಲ್ಲಿಂದ ತಿಂಗಳುಗಳ ಮೇಲೂ ನಮ್ಮ ವಿಳಾಸಕ್ಕೆ ಬರಬಹುದು.

ವಾಪಸ್ ಬರುವಾಗ ಆಸ್ಟ್ರಿಯಾದ ಟಿರೋಲ್ ದಾಟಬೇಕು. ಅಲ್ಲಿಯ ಇನ್ ನದಿಯ ಕಣಿವೆಯ ಹೆದ್ದಾರಿಯಲ್ಲಿ 130 ಇಲ್ಲ, ಗಾಳಿ ಕೆಡಬಾರದು ಅಂತ 100 ಮಾಡಿದ್ದಾರೆ. ಅದೇ ಟಿರೋಲ್‌ನ ರಾಯ್ಟೆ ಪ್ರದೇಶದ ಕೆಲವು ರಸ್ತೆಗಳಲ್ಲಿ 2020ರಿಂದ ಬೇಸಿಗೆ ಹಂಗಾಮಿಗೆ ಇನ್ನೊಂದು ನಿಯಮ: ನಿಂತಲ್ಲಿ ಅಳೆದ ಸದ್ದು 95 ಡೆಸಿಬಲ್ ಮೀರುವ ಬೈಕಿಗೆ ಪ್ರವೇಶವಿಲ್ಲ. ಆ ಅಂಕಿ ಬೈಕಿನ ದಾಖಲೆಯಲ್ಲೇ ಬರೆದಿರುತ್ತದೆ. ನಮ್ಮ ಬೈಕುಗಳ ಕಾಗದ ತೆಗೆದು ನೋಡಿದೆವು, ಕಡಿಮೆ ಇತ್ತು, ಹೋದೆವು. ಅಲ್ಲಿಯ ಹಳ್ಳಿಯವರು ಶನಿವಾರ ಭಾನುವಾರ ಕಿಟಕಿ ತೆಗೆಯಲಾಗದೆ ಕೇಳಿ ಪಡೆದ ನಿಯಮ ಇದು. ಬಾಬಾಬುಡನ್‌ಗಿರಿ ದಾರಿಯ ಕೈಮರದ ಚೆಕ್‌ಪೋಸ್ಟಿನಿಂದ ಮೇಲೆ ವಾರಾಂತ್ಯದಲ್ಲಿ ಸೈಲೆನ್ಸರ್ ಬಿಚ್ಚಿದ ಬೈಕುಗಳ ಸಾಲನ್ನು ಕೇಳುತ್ತಾ ಬದುಕುವವರಿಗೆ ಆ ಹಳ್ಳಿಯವರ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

ಊರಿಗೆ ಬಂದ ಮೇಲೆ ಕಳಸದ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕೆಲಸ, ವಿಯೆಟ್ನಾಂನ ಹಾ ಜಾಂಗ್ ಬೆಟ್ಟಗಳಲ್ಲಿ ಬೈಕ್ ಓಡಿಸುವ ಯೋಜನೆ. ಐಡಿಪಿ ಮಾಡಿಸಿ ಆಗಿದೆ ಅಣ್ಣಾ ಅಂದ. ಅವನಿಗೆ ವಿಷಯ ತಿಳಿಸಿದೆ: ನಮ್ಮ ಆರ್‌ಟಿಒ ಕೊಡುವ ಐಡಿಪಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬೈಕ್ ಬಾಡಿಗೆಗೆ ಕೊಡುವವರು ಏನೂ ಕೇಳದೆ ಕೊಟ್ಟುಬಿಡಬಹುದು. ಆದರೆ ಪೊಲೀಸರು ಹಿಡಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ, ಬಿದ್ದು ಆಸ್ಪತ್ರೆಗೆ ಸೇರಿದರೆ ವಿಮೆಯವರು ಅದನ್ನೇ ಕಾರಣ ಮಾಡಿ ಕೈ ಎತ್ತಬಹುದು. ಹುಡುಗನ ಮುಖ ಸಪ್ಪಗಾಯಿತು. ಆ ಬೆಟ್ಟಗಳಲ್ಲಿ ಸ್ಥಳೀಯ ಸವಾರರು ಬೈಕ್ ಓಡಿಸಿ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗುವ ವ್ಯವಸ್ಥೆ ಇದೆ, ಈಸಿ ರೈಡರ್ ಅನ್ನುತ್ತಾರೆ, ಅದನ್ನು ಹಿಡಿ ಅಂದೆ. ಮೊನ್ನೆ ಫೋನ್ ಮಾಡಿದ್ದ, ಅದನ್ನೇ ಬುಕ್ ಮಾಡಿದ್ದಾನೆ. ಹೆಲ್ಮೆಟ್ ಮಾತ್ರ ತನ್ನದೇ ತಗೊಂಡು ಹೋಗುತ್ತಾನಂತೆ.